ರಾತ್ರಿ ಹೊಯ್ಗೆಯಲ್ಲಿ ಕಡಲಾಮೆಯ ಜಾಡು ಕಂಡರೆ

ಚಳಿ ಶುರುವಾಗಿ ಕಡಲು ತಣ್ಣಗಾದ ಮೇಲೆ ಸಸಿಹಿತ್ಲು, ತಣ್ಣೀರುಬಾವಿ, ಪಡುಕೆರೆ, ಕುಂದಾಪುರದ ಕೋಡಿಯಂಥ ಕಡಲತೀರಗಳಲ್ಲಿ ರಾತ್ರಿ ನಡೆಯುವವರೂ ಟೆಂಟ್ ಹಾಕುವವರೂ ಜಾಸ್ತಿ. ಆಲಿವ್ ರಿಡ್ಲೆ ಕಡಲಾಮೆ ಮೊಟ್ಟೆ ಇಡಲು ದಡ ಹತ್ತುವುದೂ ಆಗಲೇ, ಹೆಚ್ಚುಕಡಿಮೆ ನವೆಂಬರಿನಿಂದ ಮಾರ್ಚ್‌ವರೆಗೆ. 2024ರ ಆರಂಭದಲ್ಲಿ ಮಂಗಳೂರಿನ ತೀರದಲ್ಲಿ ಗೂಡುಗಳು ಸಿಕ್ಕಿ, ಅರಣ್ಯ ಇಲಾಖೆ ಬೇಲಿ ಕಟ್ಟಿ ಕಾದ ಮೇಲೆ ಕುತೂಹಲದಿಂದ ಹುಡುಕಿಕೊಂಡು ಹೋಗುವವರೂ ಹೆಚ್ಚಿದ್ದಾರೆ. ಮೊಟ್ಟೆ ಕದಿಯುವವನಿಂದ ಆಗುವ ಹಾನಿ ಎಲ್ಲರಿಗೂ ಗೊತ್ತು. ಅಕ್ಕರೆಯಿಂದ ಟಾರ್ಚ್ ಹಿಡಿದು ಓಡಿಬರುವವರಿಂದ ಆಗುವ ಹಾನಿ ಅಷ್ಟಾಗಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಇಲ್ಲಿ ಬರೆದಿರುವುದು ಮುಖ್ಯವಾಗಿ ಅಂಥವರಿಗೆ.

ಹೊರಡುವ ಮೊದಲು

ಬಿಳಿ ಬೆಳಕಿನ ಟಾರ್ಚಿನ ಗಾಜಿಗೆ ಕೆಂಪು ಪಾರದರ್ಶಕ ಹಾಳೆಯನ್ನು ಎರಡು ಮೂರು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಅದನ್ನೂ ಕಾಲ ಬುಡಕ್ಕೆ ಮಾತ್ರ ಬಿಡಿ, ಅದೂ ತೀರಾ ಬೇಕಾದಾಗ. ಕತ್ತಲೆಗೆ ಕಣ್ಣು ಹೊಂದಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ಪರದೆ ನೋಡಿದರೂ ಮತ್ತೆ ಮೊದಲಿನಿಂದ ಕಾಯಬೇಕಾಗುತ್ತದೆ. ಅಳತೆ ಟೇಪು, ಪೆನ್ನು-ಪುಸ್ತಕ, ತುದಿ ಮೊಂಡಾದ ಗಟ್ಟಿ ಕತ್ತರಿ, ಹತ್ತಿಯ ಬೈರಾಸು (ಟವೆಲ್), ಕಸಕ್ಕೊಂದು ಗೋಣಿ ಇದ್ದರೆ ಸಾಕು. ಅರಣ್ಯ ಸಹಾಯವಾಣಿ 1926ನ್ನೂ ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಯ ನಂಬರನ್ನೂ ಮೊದಲೇ ಸೇವ್ ಮಾಡಿಕೊಳ್ಳಿ. ನಾಯಿಯನ್ನು ಮನೆಯಲ್ಲೇ ಬಿಡಿ.

ಉಬ್ಬರ-ಇಳಿತದ ಸಮಯ ನೋಡಿಕೊಂಡು ಇಳಿತದಲ್ಲಿ, ಒದ್ದೆ ಹೊಯ್ಗೆಯ (ಮರಳಿನ) ಮೇಲೆ ನಡೆಯಿರಿ. ಇದಕ್ಕೆ ಎರಡು ಕಾರಣ. ಆಮೆಯ ಜಾಡು ಈ ಪಟ್ಟಿಯನ್ನು ದಾಟಿಯೇ ಮೇಲೆ ಹೋಗಬೇಕಾದ್ದರಿಂದ ಕಣ್ತಪ್ಪುವುದು ಕಡಿಮೆ. ಗೂಡು ಸಾಮಾನ್ಯವಾಗಿ ಇರುವುದು ಉಬ್ಬರದ ಗೆರೆಯಿಂದ ಮೇಲಿನ ಒಣ ಹೊಯ್ಗೆಯಲ್ಲಾದ್ದರಿಂದ ಅದನ್ನು ತುಳಿಯುವ ಭಯವೂ ಕಡಿಮೆ. ಟೆಂಟನ್ನು ಗಾಳಿಮರಗಳ ಆಚೆ ಹಾಕಿ. ಬಳ್ಳಿ ಹಬ್ಬಿದ ದಿಬ್ಬಕ್ಕೂ ನೀರಿನ ಗೆರೆಗೂ ನಡುವೆ ಟೆಂಟೂ ಬೇಡ, ಬೆಂಕಿಯೂ ಬೇಡ. ಹೊಯ್ಗೆಯ ಮೇಲೆ ಬೈಕು-ಜೀಪು ಓಡಿಸುವ ಚಟವಂತೂ ಬೇಡವೇ ಬೇಡ. ಟೈರು ಹೊಯ್ಗೆಯನ್ನು ಒತ್ತಿ ಗಟ್ಟಿ ಮಾಡುತ್ತದೆ. ನಾಲ್ಕು ಸೆಂಟಿಮೀಟರ್ ಉದ್ದದ ಮರಿಗೆ ಟೈರಿನ ಗುರುತು ಹತ್ತಲಾಗದ ಕಾಲುವೆ. ಅದರಲ್ಲೇ ಅತ್ತಿತ್ತ ಹರಿದಾಡಿ ಬೆಳಗಾದರೆ ಕಾಗೆಯ ಪಾಲು.

ಜಾಡು ಓದುವುದು

ಆಲಿವ್ ರಿಡ್ಲೆಯ ಜಾಡು ಸುಮಾರು 70ರಿಂದ 80 ಸೆಂ.ಮೀ. ಅಗಲ. ಎಡ ಬಲ ರೆಕ್ಕೆಗಳ (ಈಜುಗಾಲುಗಳ) ಗುರುತು ಒಂದರ ನಂತರ ಒಂದು, ನಾವು ಹೆಜ್ಜೆ ಹಾಕಿದ ಹಾಗೆ. ಎರಡೂ ಗುರುತು ಎದುರುಬದುರು ಜೋಡಿಯಾಗಿದ್ದು, ಜಾಡು ಇನ್ನೂ ಅಗಲವಾಗಿ, ನಡುವೆ ಬಾಲದ ಗೀರು ಇದ್ದರೆ ಅದು ಹಸಿರು ಕಡಲಾಮೆಯದ್ದಿರಬಹುದು. ಅಂಥದ್ದು ಕಂಡರೆ ಫೋನ್ ಮಾಡುವಾಗ ಬಿಡದೆ ಹೇಳಿ.

ಸಾಮಾನ್ಯವಾಗಿ ಹೋದ ಜಾಡೊಂದು, ಬಂದ ಜಾಡೊಂದು ಇರುತ್ತದೆ. ರೆಕ್ಕೆ ಹೊಯ್ಗೆಯನ್ನು ಹಿಂದಕ್ಕೆ ತಳ್ಳುತ್ತದೆ, ಹಾಗಾಗಿ ಗುಡ್ಡೆ ಯಾವ ಕಡೆ ಬಿದ್ದಿದೆಯೋ ಆಮೆ ಹೋದದ್ದು ಅದರ ವಿರುದ್ಧ ದಿಕ್ಕಿಗೆ. ನೀರು ಇಳಿಯುತ್ತಿದ್ದ ಹೊತ್ತಾಗಿದ್ದರೆ ಕಡಲಿಗೆ ಮರಳಿದ ಜಾಡು ಉದ್ದ, ಏರುತ್ತಿದ್ದರೆ ಗಿಡ್ಡ. ಕಾಣುವುದು ಒಂದೇ ಜಾಡಾದರೆ, ಅದೂ ಮೇಲ್ಮುಖವಾಗಿದ್ದರೆ, ಆಮೆ ಇನ್ನೂ ಮೇಲೆಯೇ ಇದೆ. ನಿಂತಲ್ಲೇ ನಿಲ್ಲಿ.

ಜಾಡಿನ ತುದಿಯಲ್ಲಿ ಮೀಟರಿನಷ್ಟು ಅಗಲಕ್ಕೆ ಹೊಯ್ಗೆ ಕೆದರಿ ಹರಡಿದ್ದರೆ ಗೂಡು ಇರಬಹುದು. ಹಾಗೇನೂ ಇಲ್ಲದೆ ಬರೀ ತಿರುವು ಹಾಕಿ ಹೋಗಿದ್ದರೆ ಆಮೆ ಮೊಟ್ಟೆ ಇಡದೆ ಮರಳಿದೆ ಎಂದರ್ಥ. ಬೆಳಕು, ಸದ್ದು, ನಾಯಿ, ಎದುರಿಗೆ ಕಡಲ್ಕೊರೆತದ ತಡೆಗೋಡೆಯ ಕಲ್ಲು, ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. ಇಂಥ ಖಾಲಿ ಜಾಡನ್ನೂ ಬರೆದಿಡಿ. ಒಂದೇ ಜಾಗದಲ್ಲಿ ಮೂರ್ನಾಲ್ಕು ಸಿಕ್ಕಿದರೆ ಅಲ್ಲಿನ ದೀಪವೋ ಅಂಗಡಿಯೋ ತೊಂದರೆ ಕೊಡುತ್ತಿದೆ ಎಂದು ಪಂಚಾಯತಿಗೆ ತೋರಿಸಲು ಅದೇ ಪುರಾವೆ.

ಆಮೆಯೇ ಎದುರಾದರೆ

ಹತ್ತು ಹದಿನೈದು ಮೀಟರ್ ದೂರದಲ್ಲಿ, ಅದರ ಬೆನ್ನ ಹಿಂದೆ ಕೂತುಬಿಡಿ. ದಡ ಹತ್ತುವಾಗ ಮತ್ತು ಗುಂಡಿ ತೋಡುವಾಗ ಅದಕ್ಕೆ ಹೆದರಿಕೆ ಜಾಸ್ತಿ, ಒಂದು ನೆರಳು ಸರಿದರೂ ವಾಪಸು ಹೊರಟುಬಿಡುತ್ತದೆ. ಮೊಟ್ಟೆ ಇಡಲು ಶುರು ಮಾಡಿದ ಮೇಲೆ ಅಲ್ಲಾಡುವುದಿಲ್ಲ ನಿಜ. ಆಗ ಬೆನ್ನು ಸವರಬಹುದು, ಸೆಲ್ಫಿ ತೆಗೆಯಬಹುದು ಎಂದುಕೊಳ್ಳುವುದು ಮಾತ್ರ ತಪ್ಪು. ಕಣ್ಣಿನಿಂದ ನೀರು ಸುರಿಯುವುದು ಕಂಡರೆ ಅಳುತ್ತಿದೆ ಎಂದು ಮರುಗಬೇಡಿ, ಮೈಯೊಳಗಿನ ಹೆಚ್ಚಿನ ಉಪ್ಪನ್ನು ಹೊರಹಾಕುವ ಗ್ರಂಥಿಯ ಕೆಲಸ ಅದು. ನೂರು, ನೂರಿಪ್ಪತ್ತು ಮೊಟ್ಟೆ ಇಟ್ಟು, ಹೊಯ್ಗೆ ಎಳೆದು ಮುಚ್ಚಿ, ಕೊನೆಗೆ ಮೈಯನ್ನು ಎಡಕ್ಕೂ ಬಲಕ್ಕೂ ವಾಲಿಸಿ ಹೊಟ್ಟೆಯ ಚಿಪ್ಪಿನಿಂದ ದಪದಪ ಬಡಿದು ಗಟ್ಟಿ ಮಾಡುತ್ತದೆ. ಸುತ್ತ ಸದ್ದಿಲ್ಲದಿದ್ದರೆ ಆ ಬಡಿತ ಕೂತಲ್ಲಿಗೇ ಕೇಳಿಸುತ್ತದೆ. ಅದು ನೀರಿಗಿಳಿಯುವವರೆಗೆ ಏಳಬೇಡಿ.

ಗೂಡು ಸಿಕ್ಕ ಮೇಲೆ

ಕೋಲು ಚುಚ್ಚಿ ನೋಡಬೇಡಿ, ಒಂದು ಮೊಟ್ಟೆ ಒಡೆದರೂ ಇರುವೆ, ಏಡಿ, ನಾಯಿ ಸಾಲುಗಟ್ಟುತ್ತವೆ. ಗೂಡಿನ ನೆತ್ತಿಯ ಮೇಲೆ ಬಾವುಟ ನೆಡುವುದೂ ಬೇಡ, ಅದು ಕಳ್ಳನಿಗೆ ವಿಳಾಸ ಬರೆದುಕೊಟ್ಟಂತೆ. ದಡದ ಮೇಲಿನ ಎರಡು ಕದಲದ ಗುರುತುಗಳಿಂದ, ಉದಾಹರಣೆಗೆ ಒಂದು ವಿದ್ಯುತ್ ಕಂಬ ಮತ್ತು ಒಂದು ತೆಂಗಿನ ಮರದಿಂದ, ಟೇಪು ಹಿಡಿದು ದೂರ ಬರೆದುಕೊಳ್ಳಿ. ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ತಪ್ಪುವುದರಿಂದ ಅದೊಂದನ್ನೇ ನಂಬಬೇಡಿ. ನಂತರ 1926ಕ್ಕೆ ಕರೆ ಮಾಡಿ ಜಾಗ, ಜಾಡು ಕಂಡ ಸಮಯ, ಉಬ್ಬರದ ಗೆರೆಯಿಂದ ಎಷ್ಟು ಮೇಲಿದೆ ಎಂಬ ಮೂರನ್ನೂ ಹೇಳಿ.

ಸಮಯ ಹೇಳುವುದು ಯಾಕೆ ಮುಖ್ಯವೆಂದರೆ, ಇಟ್ಟ ಕೆಲವೇ ಗಂಟೆಗಳಲ್ಲಿ ಭ್ರೂಣ ಮೊಟ್ಟೆಯ ಮೇಲ್ಭಾಗದ ಒಳಪೊರೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಉರುಳಿದರೆ ಭ್ರೂಣ ಸಾಯುತ್ತದೆ. ಕೋಳಿಮೊಟ್ಟೆಯನ್ನು ಕಾವಿಗಿಟ್ಟು ಮಗುಚುವ ಲೆಕ್ಕ ಇಲ್ಲಿ ಪೂರ್ತಿ ತಿರುಗುಮುರುಗು. ಹಾಗಾಗಿ ಅಲೆ ತಲುಪುವ ಜಾಗದ ಗೂಡನ್ನು ಸ್ಥಳಾಂತರಿಸುವುದಿದ್ದರೆ ಇಲಾಖೆಯವರು ಆರು ಗಂಟೆಯೊಳಗೆ, ಮೇಲ್ಭಾಗ ಮೇಲೆಯೇ ಇರುವಂತೆ ಎತ್ತಿ ಮಾಡಬೇಕು. ನೀವು ಮಾಡುವ ಕೆಲಸ ಅಲ್ಲ, ಕಾನೂನೂ ಬಿಡುವುದಿಲ್ಲ. ಆಲಿವ್ ರಿಡ್ಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಮೊಟ್ಟೆ, ಚಿಪ್ಪು ಎಲ್ಲ ಸೇರಿ. ಶಿಕ್ಷೆ ಮೂರರಿಂದ ಏಳು ವರ್ಷದ ಜೈಲು.

ಸಿಬ್ಬಂದಿ ಬಂದು ಜಾಡು ನೋಡುವವರೆಗೆ ಅದನ್ನು ಅಳಿಸಬೇಡಿ. ಅವರು ಅಳತೆ ತೆಗೆದ ಮೇಲೆ ತೆಂಗಿನ ಗರಿಯಿಂದ ಗುಡಿಸಿಬಿಡಿ. ಫೋಟೋವನ್ನು ಜಾಗದ ಹೆಸರಿನೊಂದಿಗೆ ವಾಟ್ಸ್ಆ್ಯಪ್‌ಗೆ ಹಾಕದಿರಿ. ಬಿಸಿಲು ಜಾಸ್ತಿಯೆಂದು ಟಾರ್ಪಾಲು ಕಟ್ಟುವ, ನೀರು ಚಿಮುಕಿಸುವ ಉಪಕಾರವೂ ಬೇಡ. ಮರಿ ಗಂಡೋ ಹೆಣ್ಣೋ ಎಂದು ನಿರ್ಧರಿಸುವುದೇ ಹೊಯ್ಗೆಯ ಬಿಸಿ. ಸುಮಾರು 29–30 ಡಿಗ್ರಿಯಿಂದ ಮೇಲೆ ಹೆಣ್ಣು ಹೆಚ್ಚು, ಕೆಳಗೆ ಗಂಡು ಹೆಚ್ಚು.

ಮರಿ ಹೊರಡುವ ರಾತ್ರಿ

ಮೊಟ್ಟೆ ಇಟ್ಟ ತಾರೀಖಿನಿಂದ 45ನೇ ದಿನಕ್ಕೆ ತಯಾರಾಗಿ, 60 ದಿನದವರೆಗೂ ಕಾಯಬೇಕಾಗಬಹುದು. ಗೂಡಿನ ಮೇಲೆ ಬಟ್ಟಲಿನಂಥ ತಗ್ಗು ಬಿದ್ದರೆ ಮರಿಗಳು ಒಳಗಿನಿಂದ ಮೇಲೇರುತ್ತಿವೆ ಎಂದು ತಿಳಿಯಿರಿ. ಹೊಯ್ಗೆ ತಣಿದ ಮೇಲೆ, ಹೆಚ್ಚಾಗಿ ರಾತ್ರಿ, ಗುಂಪಾಗಿ ಹೊರಬರುತ್ತವೆ. ಎಲ್ಲಿ ದಿಗಂತ ಬೆಳಗಿದೆಯೋ ಅತ್ತ ಓಡುವುದು ಅವುಗಳ ಹುಟ್ಟುಗುಣ. ಕತ್ತಲಿನ ಕಾಲದಲ್ಲಿ ಅದು ಕಡಲೇ ಆಗಿತ್ತು, ಈಗ ಹೈಮಾಸ್ಟ್ ದೀಪವೋ ರೆಸಾರ್ಟಿನ ಸಾಲು ಬಲ್ಬುಗಳೋ ಆಗಿರುತ್ತದೆ. ವಾರ ಮೊದಲೇ ಹತ್ತಿರದ ಹೋಂಸ್ಟೇ, ಅಂಗಡಿಯವರ ಹತ್ತಿರ ಮಾತಾಡಿ ಕಡಲ ಬದಿಯ ದೀಪ ಆರಿಸಲು ಕೇಳಿಕೊಳ್ಳಿ. ಮುಖಕ್ಕೆ ಮುಖ ಕೊಟ್ಟು ಕೇಳಿದರೆ ಇಲ್ಲವೆನ್ನುವವರು ಕಡಿಮೆ. ಸಂಜೆಯೇ ಗೂಡಿನಿಂದ ನೀರಿನವರೆಗಿನ ಹೆಜ್ಜೆಗುಳಿಗಳನ್ನು ಮಟ್ಟ ಮಾಡಿ, ಬಾಟಲಿ, ಬಲೆ ತುಂಡು ಹೆಕ್ಕಿ.

ಮರಿಗಳನ್ನು ಎತ್ತಿ ನೀರಿಗೆ ಬಿಡುವುದು ಟಿವಿಯಲ್ಲಿ ಚಂದ ಕಾಣುತ್ತದೆ. ಆದರೆ ಅವು ಹೊಯ್ಗೆಯ ಮೇಲೆ ತಾವೇ ನಡೆದು ಹೋಗಬೇಕು. ದಾರಿ ತಪ್ಪಿ ರಸ್ತೆಗೆ ಹತ್ತಿದ ಮರಿಯನ್ನು ಮಾತ್ರ ಎತ್ತಿ, ಅಲೆಯ ಗೆರೆಗಿಂತ ಐದಾರು ಮೀಟರ್ ಮೇಲೆ ಒದ್ದೆ ಹೊಯ್ಗೆಯಲ್ಲಿ ಕಡಲಿಗೆ ಮುಖ ಮಾಡಿ ಬಿಡಿ. ಬಕೆಟ್ಟಿನ ನೀರಿಗೆ ಹಾಕಿದರೆ ನಿಲ್ಲದೆ ಈಜುತ್ತದೆ. ಆಳ ಸಮುದ್ರ ಸೇರಲು ಹೊಟ್ಟೆಯಲ್ಲಿ ಉಳಿದಿರುವ ಮೊಟ್ಟೆಯ ಹಳದಿಯ ಬುತ್ತಿ ಅಲ್ಲೇ ಖಾಲಿ. ಹಗಲಲ್ಲಿ ಸಿಕ್ಕ ಮರಿಯನ್ನು ಒದ್ದೆ ಹೊಯ್ಗೆ ಹಾಕಿದ ಡಬ್ಬಿಯಲ್ಲಿ, ನೀರಿಲ್ಲದೆ, ಕತ್ತಲು ನೆರಳಲ್ಲಿಟ್ಟು ಇಲಾಖೆಗೆ ತಿಳಿಸಿ.

ಬಲೆಗೆ ಸಿಕ್ಕಿ ದಡಕ್ಕೆ ಬಂದ ಆಮೆ

ಹಿಂದಿನಿಂದ ಹೋಗಿ, ಅದರ ಕೊಕ್ಕು ಬೆರಳನ್ನೇ ತುಂಡು ಮಾಡುವಷ್ಟು ಗಟ್ಟಿ. ಬಲೆಯ ಸಡಿಲ ಎಳೆಗಳನ್ನು ಕತ್ತರಿಸಿ. ಚರ್ಮದೊಳಗೆ ಹೂತ ದಾರವನ್ನೂ ಬಾಯಿಂದ ಹೊರಬಂದ ಗಾಳದ ದಾರವನ್ನೂ ಎಳೆಯಬೇಡಿ, ಪಶುವೈದ್ಯರಿಗೆ ಬಿಡಿ. ರೆಕ್ಕೆ ಹಿಡಿದು ಎತ್ತಬಾರದು, ಮಗುಚಿ ಮಲಗಿಸಬಾರದು. ಇಬ್ಬರು ಚಿಪ್ಪಿನ ಎರಡು ಬದಿ ಹಿಡಿದು ನೆರಳಿಗೆ ಒಯ್ದು, ಬೆನ್ನ ಮೇಲೆ ಒದ್ದೆ ಬೈರಾಸು ಹೊದಿಸಿ. ಮೂಗು ಮುಚ್ಚಬೇಡಿ, ಬಾಯಿಗೆ ನೀರು ಹೊಯ್ಯಬೇಡಿ. ಪಾಪ ಎಂದು ಕೂಡಲೇ ಕಡಲಿಗೆ ನೂಕುವುದೇ ದೊಡ್ಡ ತಪ್ಪು, ಸುಸ್ತಾದ ಆಮೆ ತಲೆ ಎತ್ತಿ ಉಸಿರಾಡಲಾಗದೆ ಮುಳುಗುತ್ತದೆ.

ಅಲುಗಾಡದ ಆಮೆ ಸತ್ತಿದೆ ಎಂದೂ ತೀರ್ಮಾನಿಸಬೇಡಿ. ಬೋಟಿನ ಹಿಂದೆ ಎಳೆಯುವ ಟ್ರಾಲ್ ಬಲೆಯಲ್ಲಿ ಹೆಚ್ಚು ಹೊತ್ತು ಮುಳುಗಿದ ಆಮೆ ಪ್ರಜ್ಞೆ ತಪ್ಪಿರಬಹುದು. ಹೊಟ್ಟೆ ಕೆಳಗೆ ಮಾಡಿ, ಹಿಂಭಾಗದ ಅಡಿಗೆ ಹಲಗೆಯೋ ಗೋಣಿಯೋ ಇಟ್ಟು ಕನಿಷ್ಠ 15 ಸೆಂ.ಮೀ. ಎತ್ತರಿಸಿ. ಶ್ವಾಸಕೋಶದ ನೀರು ನಿಧಾನ ಇಳಿಯುತ್ತದೆ. ಆಗಾಗ ಕಣ್ಣಿನ ರೆಪ್ಪೆಯನ್ನು ಮೆಲ್ಲನೆ ಮುಟ್ಟಿ ನೋಡಿ. ಚೇತರಿಸಲು ನಾಲ್ಕು ಗಂಟೆಯಿಂದ ಒಂದು ಪೂರ್ತಿ ದಿನ ಬೇಕಾಗಬಹುದು. ಬೋಟಿನವರಲ್ಲಿ ಕೂರ್ಮಾವತಾರವೆಂದು ಕೈಮುಗಿದು ಬಲೆ ಕೊಯ್ದು ಬಿಡುವವರಿದ್ದಾರೆ, ಅವರಿಗೂ ಈ 15 ಸೆಂ.ಮೀ. ಲೆಕ್ಕ ತಿಳಿಸಿ.

ಬೀಚ್ ಸ್ವಚ್ಛತೆಯ ತಂಡಗಳಿಗೆ ಒಂದು ಮಾತು. ನವೆಂಬರಿನಿಂದ ಮೇ ಮುಗಿಯುವವರೆಗೆ ಉಬ್ಬರದ ಗೆರೆಯಿಂದ ಮೇಲೆ ಜೆಸಿಬಿ, ಟ್ರ್ಯಾಕ್ಟರ್ ತರಬೇಡಿ, ಕೈಯಲ್ಲೇ ಹೆಕ್ಕಿ. ಗೂಡಿನ ತಳವೇ ನಲವತ್ತು ಐವತ್ತು ಸೆಂ.ಮೀ. ಆಳದಲ್ಲಿ, ಮೇಲಿನ ಮೊಟ್ಟೆಗಳು ಇನ್ನೂ ಹತ್ತಿರ. ಹೂತುಹೋದ ಹಳೆ ಬಲೆಯನ್ನು ಹತ್ತು ಜನ ಸೇರಿ ಎಳೆಯುವ ಬದಲು ಹೊಯ್ಗೆಯ ಮಟ್ಟಕ್ಕೆ ಕತ್ತರಿಸಿ ಮೇಲಿನದ್ದನ್ನು ಒಯ್ಯಿರಿ, ಉಳಿದದ್ದು ಮಳೆಗಾಲದ ಅಲೆ ಬಿಡಿಸಿಕೊಟ್ಟಾಗ ಆಯಿತು. ಮರಿಗಳು ಹೋದ ಗೂಡನ್ನು ಮರುದಿನವೇ ಅಗೆದು ನೋಡುವ ಆಸೆಯೂ ಬೇಡ. ತಡವಾಗಿ ಒಡೆದ ಮರಿಗಳು ಎರಡು ಮೂರು ದಿನ ಒಳಗೇ ಇರುತ್ತವೆ. ಆಮೇಲೆ ಇಲಾಖೆಯವರು ಒಡೆದ ಮೊಟ್ಟೆಯ ಚಿಪ್ಪು ಎಣಿಸಲು ಬಂದಾಗ ಪಕ್ಕದಲ್ಲಿ ನಿಂತು ಲೆಕ್ಕ ಬರೆದುಕೊಳ್ಳಿ.