ವರದಿಯಲ್ಲಿದ್ದ ಸವೆತ, ನಡದಲ್ಲಿದ್ದ ನೋವು

ಗದಗ-ಬೆಟಗೇರಿಯ ಮುದ್ರಣಾಲಯವೊಂದರಲ್ಲಿ ಬೈಂಡಿಂಗ್ ಕೆಲಸದಲ್ಲೇ 30 ವರ್ಷ ಕಳೆದವನು ನಾನು. 60 ಜಿಎಸ್‌ಎಮ್‌ನ (ಚದರ ಮೀಟರಿಗೆ 60 ಗ್ರಾಂ ತೂಗುವ), ಡಬಲ್ ಡೆಮಿ ಅಳತೆಯ ಕಾಗದದ ಒಂದು ರೀಮು, ಅಂದರೆ 500 ಹಾಳೆಗಳ ಕಟ್ಟು, ಸುಮಾರು 16 ಕಿಲೋ ತೂಗುತ್ತದೆ. ನನ್ನ 54ನೆಯ ವಯಸ್ಸಿನಲ್ಲಿ ಅಂಥದೊಂದನ್ನು ನೆಲದಿಂದ ಎತ್ತುತ್ತ ಸೊಂಟ ತಿರುಗಿಸಿದಾಗ ನಡ ಹಿಡಿಯಿತು. ಮರುದಿನ ಸೆಳೆತ ಎಡಗಾಲಿನ ಹಿಮ್ಮಡಿಗಿಳಿಯಿತು. ಹಾಗೆ ಮಾಡಿದರೆ ನೋವು ಬಿಡುತ್ತದೆಂಬ ಹಿರಿಯರ ಮಾತಿನಂತೆ, ಕಾಲು ಮುಂದಾಗಿ ಹುಟ್ಟಿದ ಓಣಿಯ ಹುಡುಗನೊಬ್ಬನಿಂದ ನಡಕ್ಕೆ ಒದೆಸಿಕೊಂಡು, ಎಂಟು ದಿನ ಹಾಸಿಗೆ ಹಿಡಿದೆ. ಒದೆತಕ್ಕಿಂತ ಆ ಹಾಸಿಗೆಯೇ ನನ್ನನ್ನು ಹೆಚ್ಚು ಕೆಡಿಸಿತು.

ಹುಬ್ಬಳ್ಳಿಯಲ್ಲಿ ಎಮ್‌ಆರ್‌ಐ ಮಾಡಿಸಿದಾಗ, ಬೆನ್ನುಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕುಗಳಲ್ಲಿ ಕೆಳಗಿನ ಎರಡು ಸವೆದಿವೆ, ಅವುಗಳಲ್ಲೊಂದು ಉಬ್ಬಿ ನರಕ್ಕೆ ತಾಗಿದೆ ಎಂದು ವರದಿ ಬಂತು. ಕುಳಿತರೆ ಸೆಳೆತ ಹೆಚ್ಚುತ್ತಿದ್ದುದರಿಂದ ಬಸ್ಸಿನಲ್ಲಿ ಕಂಬ ಹಿಡಿದು ನಿಂತೇ ಮರಳಿದೆ. “ಸೀಟ್ ಖಾಲಿ ಅದಾವ, ಕುಂದರ್ರಿ ಯಜಮಾನ್ರ” ಎಂದು ಕಂಡಕ್ಟರ್ ಎರಡು ಸಲ ಹೇಳಿದರು.

ಡಿಸ್ಕಿನ ಒಳಗಿನ ಮೆತ್ತನೆಯ ತಿರುಳಿನಲ್ಲಿ ಎಳೆಯ ವಯಸ್ಸಿನಲ್ಲಿ ಬಹುಪಾಲು ನೀರೇ ಇರುತ್ತದೆಂದೂ, ವಯಸ್ಸಾದಂತೆ ಅದು ಒಣಗಿ ಸುತ್ತಲಿನ ನಾರಿನ ಉಂಗುರ ಬಿರಿಯುತ್ತದೆಂದೂ, ದೊಡ್ಡವರ ಡಿಸ್ಕಿನೊಳಗೆ ರಕ್ತನಾಳಗಳು ಬಹುತೇಕ ಇಲ್ಲದ್ದರಿಂದ ದುರಸ್ತಿ ಬಲು ನಿಧಾನವೆಂದೂ ವೈದ್ಯರು ತಿಳಿಸಿದರು. ನೋವೇ ಇಲ್ಲದ 3,110 ಜನರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿದ 2015ರ ಒಂದು ಅಧ್ಯಯನದಲ್ಲಿ, 20ರ ವಯಸ್ಸಿನವರಲ್ಲೇ ಶೇ. 37 ಮಂದಿಗೆ, 50ರವರಲ್ಲಿ ಶೇ. 80 ಮಂದಿಗೆ ಈ ಸವೆತ ಕಂಡಿದೆ. “ಸವಕಳಿ ನಿಮ್ಮ ವಯಸ್ಸಿಂದು, ಈ ನೋವು ನರದ್ದು. ನರ ತಣ್ಣಗಾಗಾಕ ಟೈಮ್ ಕೊಡ್ರಿ” ಎಂದರು. ಮೂತ್ರ-ಮಲದ ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ, ಪಾದದ ಶಕ್ತಿ ಕುಂದಿದರೆ ಮಾತ್ರ ಅಂದೇ ಆಸ್ಪತ್ರೆಗೆ ಓಡಿ ಬರಬೇಕೆಂದು ಚೀಟಿಯ ಹಿಂದೆ ಬರೆದುಕೊಟ್ಟರು.

ಭೀಷ್ಮಕೆರೆಯ ಬಳಿ ದಿನಕ್ಕೆರಡು ಸಲ ಹತ್ತು ನಿಮಿಷ ನಡೆಯಲಾರಂಭಿಸಿ, ಆರು ವಾರಗಳಲ್ಲಿ ಅದನ್ನು 40 ನಿಮಿಷಕ್ಕೆ ಮುಟ್ಟಿಸಿದೆ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಬೋರಲು ಮಲಗಿ ಮೊಣಕೈ ಊರಿ ಎದೆ ಎತ್ತುತ್ತಿದ್ದಾಗ, ಹಿಮ್ಮಡಿಯ ಸೆಳೆತ ಮೊದಲು ಮೀನಖಂಡಕ್ಕೆ, ಬಳಿಕ ಕುಂಡಿಗೆ ಹಿಮ್ಮೆಟ್ಟಿ, ನಡದ ನೋವು ಮಾತ್ರ ತುಸು ಹೆಚ್ಚಿತು. ನಾನು ಗಾಬರಿಯಾದೆ, ನೋವು ಕಾಲಿನಿಂದ ಮೇಲಕ್ಕೆ ಸರಿಯುವುದು ಒಳ್ಳೆಯ ಲಕ್ಷಣವೆಂದು ಅವರು ಸಮಾಧಾನಪಡಿಸಿದರು. ಎಲ್ಲರಿಗೂ ಇದೇ ವ್ಯಾಯಾಮ ಒಗ್ಗುವುದಿಲ್ಲ, ಕಾಲಿನ ನೋವು ಕೆಳಗಿಳಿದರೆ ನಿಲ್ಲಿಸಬೇಕು ಎಂದೂ ಎಚ್ಚರಿಸಿದ್ದರು.

ಕೆಲಸದ ಕ್ರಮವನ್ನೂ ಬದಲಿಸಿದೆ. ರೀಮುಗಳು ಈಗ ಸೊಂಟದೆತ್ತರದ ಹಲಗೆಯ ಮೇಲಿರುತ್ತವೆ. ಒಮ್ಮೆಗೆ ಅರ್ಧ ರೀಮನ್ನಷ್ಟೇ ಎದೆಗೊತ್ತಿ ಹಿಡಿದು, ಸೊಂಟ ತಿರುಗಿಸದೆ ಪಾದ ತಿರುಗಿಸುತ್ತೇನೆ. ನೆಲಕ್ಕೆ ಕುಳಿತು ಫಾರಂ (ಪುಸ್ತಕದ ಪುಟಗಳು ಅಚ್ಚಾದ ದೊಡ್ಡ ಹಾಳೆ) ಮಡಿಚುವುದನ್ನು ಬಿಟ್ಟು, ಅರ್ಧ ಗಂಟೆ ನಿಂತು, ಅರ್ಧ ಗಂಟೆ ಸ್ಟೂಲಿನ ಮೇಲೆ ಕುಳಿತು ಮಡಿಚುತ್ತೇನೆ. ಎರಡು ವಾರ ಕಟ್ಟಿಕೊಂಡಿದ್ದ ಸೊಂಟದ ಬೆಲ್ಟು ಇಂದು ಅಂಟು ಒಣಗುವ ಪುಸ್ತಕಗಳ ಕಟ್ಟನ್ನು ಬಿಗಿಯುತ್ತಿದೆ.

ವರ್ಷಕ್ಕೆ ಒಂದೆರಡು ಬಾರಿ ಈಗಲೂ ನಡ ಹಿಡಿಯುತ್ತದೆ. ಆಗ ಎರಡು ದಿನ ಭಾರ ಮುಟ್ಟುವುದಿಲ್ಲ, ನಡಿಗೆಯನ್ನು ಅರ್ಧಕ್ಕಿಳಿಸುತ್ತೇನೆ, ಹಾಸಿಗೆಯನ್ನಂತೂ ಹಿಡಿಯುವುದಿಲ್ಲ. ಎರಡನೆಯ ಸ್ಕ್ಯಾನ್ ಮಾಡಿಸುವ ಅಗತ್ಯ ಇದುವರೆಗೆ ಬಿದ್ದಿಲ್ಲ.