ಬಸ್ತರ್‌ನ ಮೇಣದೆಳೆ, ಬ್ಯಾಡಗಿಯ ಅಮ್ಮ

ಹಿತ್ತಾಳೆ ಎರಕದ ಬೊಂಬೆ ಕಲಿಯಲು ಹೋದ ನನಗೆ ಮೊದಲ ಆರು ದಿನ ಬೊಂಬೆ ಮಾಡಲು ಬಿಡಲಿಲ್ಲ. ಜೇನುಮೇಣದ ಎಳೆ ತೆಗೆಯುವುದಷ್ಟೇ ಕೆಲಸ. ಮೇಣವನ್ನು ಬಿಸಿಲಿಗಿಟ್ಟು ಮೆತ್ತಗೆ ಮಾಡಿ, ಪಿಚ್ಕಿ ಅನ್ನುವ ಸಲಕರಣೆಗೆ ತುಂಬಿ ಒತ್ತಬೇಕು. ಒರಳಿನಿಂದ ಶ್ಯಾವಿಗೆ ಇಳಿದ ಹಾಗೆ ಸಣ್ಣ ಎಳೆ ಇಳಿಯುತ್ತದೆ. ಒತ್ತುವ ಕೈ ನಡುವೆ ನಿಂತರೆ ತುಂಡಾಗುತ್ತದೆ. ಎಳೆದರೆ ತೆಳ್ಳಗಾಗುತ್ತದೆ. ಏಳನೇ ದಿನ ಗುರುಗಳು ನನ್ನ ಎಳೆಗಳನ್ನು ಬೆರಳ ಮೇಲೆ ಹಾಕಿಕೊಂಡು ನೋಡಿ, ಮಣ್ಣು ಕೊಟ್ಟರು.

ಇದು ಛತ್ತೀಸ್‌ಗಢದ ಕೊಂಡಾಗಾಂವ್. ಬಸ್ತರ್ ಸೀಮೆಯ ಊರು, ರಾಯ್‌ಪುರದಿಂದ ಜಗದಲ್‌ಪುರಕ್ಕೆ ಹೋಗುವ ದಾರಿಯಲ್ಲಿದೆ. ಇಲ್ಲಿ ಎರಕ ಹೊಯ್ಯುವವರನ್ನು ಘಡವಾ ಅನ್ನುತ್ತಾರೆ. ಸುತ್ತಲಿನ ಗೊಂಡ, ಮುರಿಯಾ ಜನರ ದೇವರು, ದೀಪ, ಕಾಲ್ಗಡಗ ಎಲ್ಲ ಇವರ ಕೈಯಲ್ಲೇ ಆಗುತ್ತಿತ್ತು. ಪೇಟೆಯವರು ಇದನ್ನು ಡೋಕ್ರಾ ಅನ್ನುತ್ತಾರೆ.

ನನ್ನನ್ನು ಇಲ್ಲಿಗೆ ತಂದದ್ದು ಶಿಲ್ಪಿ ಮೀರಾ ಮುಖರ್ಜಿ ಅವರ ಒಂದು ಶಿಲ್ಪ. ದೆಹಲಿಯ ಐಟಿಸಿ ಮೌರ್ಯ ಹೋಟೆಲಿನಲ್ಲಿ ಅವರ ಅಶೋಕ ಇದ್ದಾನೆ. ಕಳಿಂಗ ಯುದ್ಧ ಮುಗಿದ ಮೇಲಿನ ಅಶೋಕ. ಆಳಿಗಿಂತ ಎಷ್ಟೋ ಎತ್ತರ, ತುಂಡು ತುಂಡಾಗಿ ಎರಕ ಹೊಯ್ದು ಜೋಡಿಸಿದ್ದು. ಅಷ್ಟು ದೊಡ್ಡ ಲೋಹದ ಮೈ ಯಾಕೆ ಉಸಿರಾಡುವ ಹಾಗೆ ಕಾಣುತ್ತದೆ ಅಂತ ತುಂಬಾ ಹೊತ್ತು ನೋಡುತ್ತಾ ನಿಂತಿದ್ದೆ. ಮುಖರ್ಜಿ 1953ರಲ್ಲಿ ಮ್ಯೂನಿಕ್‌ಗೆ ಹೋಗಿ ಶಿಲ್ಪ ಕಲಿತವರು. ವಾಪಸ್ ಬಂದ ಮೇಲೆ ಬಸ್ತರ್‌ಗೆ ಹೋಗಿ ಘಡವಾಗಳ ಜೊತೆ ಕೂತು ಮತ್ತೆ ಮೊದಲಿನಿಂದ ಕಲಿತರು. ಆಮೇಲೆ ಅವರು ಮಾಡಿದ್ದು ಬೆಸ್ತರು, ನೇಕಾರರು, ಕೂಲಿಯವರು. ಬಸ್ತರ್‌ನ ದೇವರುಗಳನ್ನು ಎತ್ತಿಕೊಂಡು ಬಂದು ತಮ್ಮದು ಅನ್ನಲಿಲ್ಲ. ಈ ಮಾತಿನ ತೂಕ ಆಗ ನನಗೆ ತಿಳಿದಿರಲಿಲ್ಲ.

ಕಾಲೇಜಿನಲ್ಲಿ ನಮಗೆ ಬುಡಕಟ್ಟು ಕಲೆಯ ಪ್ರಭಾವ ಅಂದರೆ ಪಿಕಾಸೊ ಕಥೆ. 1907ರಲ್ಲಿ ಪ್ಯಾರಿಸ್‌ನ ಟ್ರೊಕಡೆರೊ ಮ್ಯೂಸಿಯಂನಲ್ಲಿ ಆಫ್ರಿಕಾದ ಮುಖವಾಡ ನೋಡಿದ, ಅವನು ಆಗ ಬರೆಯುತ್ತಿದ್ದ ಚಿತ್ರದ ಮುಖಗಳೇ ಬದಲಾದವು. ಅದು ದೊಡ್ಡ ಚಿತ್ರವೇ, ಅದರಲ್ಲಿ ಮಾತಿಲ್ಲ. ಆದರೆ ಅವನು ಮುಖವಾಡ ನೋಡಿದ, ಅದನ್ನು ಕೆತ್ತಿದವನ ಪಕ್ಕ ಕೂರಲಿಲ್ಲ. ಆಫ್ರಿಕಾಕ್ಕೆ ಕಾಲಿಡಲೂ ಇಲ್ಲ. ನಾವೆಲ್ಲ ಅದನ್ನೇ ದಾರಿ ಅಂದುಕೊಂಡೆವು: ಆಕಾರ ಕಣ್ಣಿಗೆ ಬಿದ್ದರೆ ಸಾಕು, ತೆಗೆದುಕೊಳ್ಳಬಹುದು.

ಕೈಗೆ ಮಣ್ಣು ಸಿಕ್ಕ ಮೇಲೆ ಆ ಯೋಚನೆ ಮೆಲ್ಲಗೆ ಸಡಿಲವಾಯಿತು. ಕಾಲೇಜಿನಲ್ಲಿ ನಾನು ಕಲಿತದ್ದು ಮೊದಲು ಮಣ್ಣಿನಲ್ಲಿ ಪೂರ್ತಿ ಬೊಂಬೆ ಮಾಡಿ, ಪ್ಲಾಸ್ಟರ್ ಅಚ್ಚು ತೆಗೆದು, ಆ ಅಚ್ಚಿನಲ್ಲಿ ಮೇಣ ಸುರಿಯುವ ರೀತಿ. ಅಲ್ಲಿ ಮೇಣ ಅಂದರೆ ಮಣ್ಣಿನ ನಕಲು, ಅಷ್ಟೇ. ಘಡವಾಗಳಲ್ಲಿ ಹಾಗಲ್ಲ. ಮೊದಲು ಮಣ್ಣು, ಭತ್ತದ ಹೊಟ್ಟು ಕಲಸಿ ಒಳಗಿನ ಮೈ ಮಾಡುತ್ತಾರೆ. ಅದಕ್ಕೆ ಕಣ್ಣು ಮೂಗು ಏನೂ ಇರುವುದಿಲ್ಲ. ಒಣಗಿದ ಮೇಲೆ ಅವರೆ ಎಲೆ ತಿಕ್ಕುತ್ತಾರೆ. ನಮ್ಮದೇ ಅವರೆ! ಅದರ ಹಸಿ ರಸಕ್ಕೆ ಮೇಣ ಚೆನ್ನಾಗಿ ಹಿಡಿಯುತ್ತದೆ. ಆಮೇಲೆ ಎಳೆ ಸುತ್ತುವುದು. ಒಂದರ ಪಕ್ಕ ಒಂದು, ಸಂದು ಬಿಡದೆ. ಕಣ್ಣು, ತುಟಿ, ಜಡೆ, ಸರ ಎಲ್ಲ ಎಳೆಯಲ್ಲೇ. ಅಂದರೆ ಗೆರೆ ಎಳೆಯುತ್ತಾ ಎಳೆಯುತ್ತಾ ಮೈ ಕಟ್ಟುತ್ತಾರೆ. ಹತ್ತು ವರ್ಷ ನಾನು ಶಿಲ್ಪದ ಮೈಯನ್ನು ಕೆರೆದು ಕೆರೆದು ನುಣುಪು ಮಾಡಿದ್ದೆ. ಇಲ್ಲಿ ಆ ಗೆರೆಯೇ ಚರ್ಮ.

ಮೇಣದ ಮೇಲೆ ಇದ್ದಿಲ ಪುಡಿ ಮತ್ತು ಸಗಣಿ ಬೆರೆಸಿದ ನಯವಾದ ಮಣ್ಣು ಸವರುತ್ತಾರೆ. ಇದು ಎಳೆಯ ಸಂದುಸಂದಿಗೂ ಇಳಿಯಬೇಕು. ಅದರ ಮೇಲೆ ಹೊಟ್ಟು ಸೇರಿಸಿದ ದಪ್ಪ ಮಣ್ಣು, ಕೊನೆಗೆ ಹುತ್ತದ ಮಣ್ಣು. ಬೆಂಕಿಗಿಟ್ಟಾಗ ಮೇಣ ಕರಗಿ ಹೋಗುತ್ತದೆ, ಆ ಜಾಗಕ್ಕೆ ಹಿತ್ತಾಳೆ ಬರುತ್ತದೆ. ಮೇಣ ಒಂದು ಕಿಲೋ ಇದ್ದರೆ ಹಿತ್ತಾಳೆ ಸುಮಾರು 9–10 ಕಿಲೋ ಬೇಕು, ಲೋಹದ ತೂಕ ಅಷ್ಟು ಜಾಸ್ತಿ. ಹಿತ್ತಾಳೆ ಕರಗಲು 900 ಡಿಗ್ರಿ ದಾಟಬೇಕು. ಅಲ್ಲಿ ಯಾರೂ ಮೀಟರ್ ಇಡುವುದಿಲ್ಲ. ಹಿತ್ತಾಳೆಯಲ್ಲಿರುವ ಸತು ಉರಿಯಲು ಶುರುವಾದಾಗ ಜ್ವಾಲೆಗೆ ಹಸಿರು ಛಾಯೆ ಬರುತ್ತದೆ. ಅದನ್ನು ನೋಡಿ ಲೋಹ ಕರಗಿಸುವ ಮೂಸೆ ಎತ್ತುತ್ತಾರೆ. ಬೊಂಬೆ ಹೊರಗೆ ತೆಗೆಯಲು ಅಚ್ಚು ಒಡೆಯಲೇಬೇಕು. ಹಾಗಾಗಿ ಒಂದು ಅಚ್ಚಿಗೆ ಒಂದೇ ಬೊಂಬೆ.

ನನ್ನ ಮೊದಲ ಬೊಂಬೆಗೆ ಬಲಗೈ ಬರಲಿಲ್ಲ. ಮುಂಗೈ ಹತ್ತಿರ ಮೇಣ ತೆಳ್ಳಗಿತ್ತು, ಅಚ್ಚೂ ಸಾಕಷ್ಟು ಕಾದಿರಲಿಲ್ಲ. ಲೋಹ ಅಲ್ಲಿಗೆ ಹೋಗುವ ಮೊದಲೇ ಗಟ್ಟಿಯಾಯಿತು. ಎರಡನೆಯದರ ಒಳಮಣ್ಣಿನಲ್ಲಿ ಇನ್ನೂ ತೇವ ಇತ್ತು, ಬೆಂಕಿಯಲ್ಲಿ ಸೀಳಿತು. ಮೂರನೆಯದು ನಿಂತಿತು. ಆ ಸಂತೋಷದಲ್ಲಿ ನಾನು ಮಾಡಬಾರದ್ದು ಮಾಡಿದೆ.

ಊರಿಗೆ ಬಂದು ಝಿಟ್ಕು–ಮಿಟ್ಕಿ ಮಾಡಿದೆ. ಬಸ್ತರ್‌ನಲ್ಲಿ ಎಲ್ಲೆಲ್ಲೂ ಕಾಣುವ ಜೋಡಿ. ಉದ್ದ ಮುಖ, ದೊಡ್ಡ ಕಣ್ಣು, ನೋಡಲು ತುಂಬಾ ಚಂದ. ಆರು ಜೋಡಿ ಮಾಡಿ ಪ್ರದರ್ಶನಕ್ಕಿಟ್ಟೆ, ಅಷ್ಟೂ ಮಾರಾಟವಾದವು. ಮರುವರ್ಷ ಅವುಗಳ ಫೋಟೊ ತೆಗೆದುಕೊಂಡು ಹೋಗಿ ಗುರುಗಳಿಗೆ ತೋರಿಸಿದೆ. ಅವರು ಬೈಯಲಿಲ್ಲ. "ಇವರಿಬ್ಬರು ಯಾರು ಅಂತ ಗೊತ್ತಾ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ.

ಆ ರಾತ್ರಿ ಅವರು ಕಥೆ ಹೇಳಿದರು. ಮಿಟ್ಕಿಗೆ ಏಳು ಜನ ಅಣ್ಣಂದಿರು. ಝಿಟ್ಕು ಆ ಮನೆಗೆ ಮನೆಅಳಿಯನಾಗಿ ಬಂದ. ಊರ ಕೆರೆಯ ಏರಿ ಎಷ್ಟು ಕಟ್ಟಿದರೂ ನಿಲ್ಲಲಿಲ್ಲ, ನರಬಲಿ ಬೇಕು ಅಂದರು. ಅಣ್ಣಂದಿರು ತಂಗಿಯ ಗಂಡನನ್ನೇ ಬಲಿ ಕೊಟ್ಟರು. ಅವಳೂ ಪ್ರಾಣ ಬಿಟ್ಟಳು. ಈಗ ಇಬ್ಬರಿಗೂ ಪೂಜೆ. ಕೇಳುತ್ತಾ ಕೇಳುತ್ತಾ ನನಗೆ ಮೈ ನಡುಗಿತು. ಇದು ನಮ್ಮ ಭಾಗೀರಥಿಯ ಕಥೆ ಅಲ್ವಾ? ಕೆರೆಗೆ ಹಾರವಾದ ಸೊಸೆಯ ಹಾಡು ಅಜ್ಜಿಯ ಬಾಯಲ್ಲಿ ಕೇಳಿ ಅತ್ತವನು ನಾನು. ಯಾರದೋ ಮನೆಯ ಅಂಥದ್ದೇ ದುಃಖವನ್ನು, ಏನೂ ತಿಳಿಯದೆ, ಚಂದದ ಸಾಮಾನು ಅಂತ ಮಾರಿದ್ದೆ. ಅವತ್ತಿನಿಂದ ಝಿಟ್ಕು–ಮಿಟ್ಕಿ ಮಾಡಿಲ್ಲ. ಅದು ಅವರು ಮಾಡಬೇಕಾದದ್ದು.

ಹಾಗಾದರೆ ನಾನೇನು ಮಾಡಲಿ? ಸುಮಾರು ಒಂದು ವರ್ಷ ಮೇಣ ಮುಟ್ಟಲಿಲ್ಲ. ಆಮೇಲೆ ಒಂದು ಬೇಸಿಗೆ ಬ್ಯಾಡಗಿಗೆ, ಅಮ್ಮನ ಹತ್ತಿರ ಹೋಗಿದ್ದೆ. ಅಮ್ಮ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಬದುಕು ಸಾಗಿಸಿದವಳು. ಅಂಗಳದಲ್ಲಿ ಕೆಂಪು ರಾಶಿ, ಸುತ್ತ ನಾಲ್ಕಾರು ಹೆಂಗಸರು, ಮೂಗಿಗೆ ಸೆರಗು. ಬ್ಯಾಡಗಿ ಕಾಯಿಯ ಮೈ ಸುಕ್ಕುಸುಕ್ಕು. ಅಮ್ಮನ ಕೈಯೂ ಈಗ ಹಾಗೇ. ಆ ಕೈ ನೋಡಿದಾಗ ಎಳೆ ಎಲ್ಲಿ ಹೇಗೆ ಓಡಬೇಕು ಅಂತ ನನಗೆ ಕಂಡಿತು.

ಅಲ್ಲಿಂದ ಶುರು. ಬೆರಳಿನ ಗೆಣ್ಣುಗಳಿಗೆ ಎಳೆಯನ್ನು ಅಡ್ಡ ಸುತ್ತಿದೆ, ಸೀರೆಗೆ ಉದ್ದಕ್ಕೆ ಬಿಟ್ಟೆ. ಬಾಗಿದ ಬೆನ್ನಿಗೆ ಎಳೆಯನ್ನು ಸ್ವಲ್ಪ ದೂರ ದೂರ ಇಟ್ಟೆ, ಬಿಗಿದ ಬಟ್ಟೆಯ ಹಾಗೆ ಕಾಣಲಿ ಅಂತ. ಮೆಣಸಿನಕಾಯಿಗೆ ಎಳೆಯನ್ನು ತಿರುಚಿ ಹಾಗೇ ಇಟ್ಟರೆ ಸಾಕು. ಇದರಲ್ಲಿ ಬಸ್ತರ್‌ನ ಮುಖ ಇಲ್ಲ, ಆದರೆ ಬಸ್ತರ್‌ನ ಕೈ ಇದೆ. ಶಿಲ್ಪದ ಕೆಳಗಿನ ಚೀಟಿಯಲ್ಲಿ ಯಾವಾಗಲೂ ಬರೆಯುತ್ತೇನೆ: ಘಡವಾ ವಿಧಾನ, ಕೊಂಡಾಗಾಂವ್‌ನಲ್ಲಿ ಕಲಿತದ್ದು. ಗುರುಗಳ ಒಪ್ಪಿಗೆ ಪಡೆದು ಅವರ ಹೆಸರೂ ಹಾಕುತ್ತೇನೆ. ಇದನ್ನು ಉಪಕಾರ ಅಂತ ನಾನು ಅಂದುಕೊಂಡಿಲ್ಲ. ಮ್ಯೂನಿಕ್‌ನಲ್ಲೋ ಬರೋಡಾದಲ್ಲೋ ಕಲಿತವರು ಗುರುವಿನ ಹೆಸರು ಹೇಳುತ್ತಾರಲ್ಲ, ಇಲ್ಲಿ ಕಲಿತವರು ಯಾಕೆ ಹೇಳಬಾರದು? ದೊಡ್ಡ ಬೊಂಬೆಗಳ ಎರಕಕ್ಕೆ ಈಗಲೂ ಅಲ್ಲಿಗೇ ಹೋಗುತ್ತೇನೆ. ಕೂಲಿ ಎಷ್ಟು ಅಂತ ಹೇಳುವವರು ಅವರು, ನಾನಲ್ಲ.

ಕಳೆದ ಸಲ ತೊಟ್ಟು ಬಿಡಿಸುವ ಹೆಂಗಸಿನ ಬೊಂಬೆಯೊಂದನ್ನು ಅಲ್ಲಿಗೆ ಒಯ್ದಿದ್ದೆ. ಗುರುಗಳ ಹೆಂಡತಿ ಮಡಿಲಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಇದು ಯಾರು ಅಂತ ಕೇಳಿದರು, ಅಮ್ಮ ಅಂದೆ. ಮೆಣಸಿನಕಾಯಿ ರಾಶಿಯ ಮೇಲೆ ಕೈಯಾಡಿಸಿದರು. ಆಮೇಲೆ ಬೆನ್ನ ಕಡೆ ತಿರುಗಿಸಿ, ಸೆರಗಿನ ಎಳೆ ಎರಡು ಕಡೆ ಮೇಲೆದ್ದದ್ದನ್ನು ಬೆರಳಿಟ್ಟು ತೋರಿಸಿದರು. ಅವರೆ ಎಲೆ ಸರಿಯಾಗಿ ತಿಕ್ಕಿಲ್ಲ ಅಂದರು. ಹೌದು, ಅವತ್ತು ಅವಸರ ಮಾಡಿದ್ದೆ.