ಅನಲೈಸರ್ ಅಲಾರ್ಮ್ ಬಂದ್ರೆ ಮೊದ್ಲು ಡಿಸ್‌ಪ್ಲೇ ಅಲ್ಲ, ಗ್ಯಾಸ್ ಬರೋ ದಾರಿ ನೋಡಿ

ರಾತ್ರಿ ಪಾಳಿಲಿ ಕಂಟ್ರೋಲ್ ರೂಮಿಂದ ಫೋನ್ ಬರುತ್ತೆ, ಸ್ಟ್ಯಾಕ್ ಅನಲೈಸರ್ (ಚಿಮಣಿ ಹೊಗೆಲಿ ಯಾವ ಗ್ಯಾಸ್ ಎಷ್ಟಿದೆ ಅಂತ ಅಳೆಯೋ ಯಂತ್ರ) ಫಾಲ್ಟ್ ತೋರಿಸ್ತಿದೆ ಬೇಗ ಬನ್ನಿ ಅಂತ. ಹೋದ ತಕ್ಷಣ ನಮ್ಮಲ್ಲಿ ತುಂಬಾ ಜನ ಮಾಡೋದು ಒಂದೇ, ಅಲಾರ್ಮ್ ಸುಮ್ಮನಾಗ್ಲಿ ಅಂತ ಅಕ್ನಾಲೆಡ್ಜ್ ಒತ್ತೋದು, ಅದಕ್ಕೂ ಹೋಗ್ಲಿಲ್ಲ ಅಂದ್ರೆ ಕ್ಯಾಲಿಬ್ರೇಷನ್ (ಅಳತೆ ಗೊತ್ತಿರೋ ಗ್ಯಾಸ್ ಕೊಟ್ಟು ರೀಡಿಂಗ್ ಸರಿ ಮಾಡೋದು) ಹೊಡ್ದು ಕೈ ತೊಳ್ಕೊಳ್ಳೋದು. ನಾನೂ ಶುರುವಲ್ಲಿ ಹಾಗೇ ಮಾಡ್ತಿದ್ದೆ. ಕಲ್ಲಿದ್ದಲು ಬಾಯ್ಲರ್ ಚಿಮಣಿಗೆ ಹಾಕಿರ್ತಾರಲ್ಲ, ಗ್ಯಾಸ್ ಎಳ್ಕೊಂಡು ತಣ್ಣಗೆ ಮಾಡಿ ನೀರು ತೆಗೆದು ಇನ್‌ಫ್ರಾರೆಡ್ ಬೆಳಕಲ್ಲಿ ಅಳೆಯೋ ಎನ್‌ಡಿಐಆರ್ ಅನಲೈಸರ್, ನಾನು ಹೇಳ್ತಿರೋದು ಅದರ ಬಗ್ಗೆ. ಇಲ್ಲಿ ಅಲಾರ್ಮ್ ಕೂಗೋದು ಡಬ್ಬ, ಆದ್ರೆ ರೋಗ ಇರೋದು ಹೆಚ್ಚಾಗಿ ಪ್ರೋಬಿಂದ (ಚಿಮಣಿ ಒಳಗಿಂದ ಗ್ಯಾಸ್ ಎಳೆಯೋ ಕೊಳವೆ) ಡಬ್ಬದವರೆಗಿನ ದಾರಿಲಿ.

ಅನಲೈಸರ್ ಇಟ್ಟಿರೋ ಶೆಲ್ಟರ್ ಒಳಗೆ ಹೋಗೋಕೆ ಮುಂಚೆ ಜೇಬಲ್ಲಿ ಸಿಒ (ಕಾರ್ಬನ್ ಮಾನಾಕ್ಸೈಡ್) ಡಿಟೆಕ್ಟರ್ ಇರ್ಲಿ, ಬಾಗಿಲು ತೆಗೆದಿಡಿ. ಸಿಒಗೆ ವಾಸನೆ ಇಲ್ಲ, ಅಳೆದ ಗ್ಯಾಸ್ ಹೊರಗೆ ಬಿಡೋ ವೆಂಟ್ ಟ್ಯೂಬ್ ಕಿತ್ತು ಒಳಗೇ ಬಿಡ್ತಿದ್ರೆ ಗೊತ್ತೇ ಆಗಲ್ಲ, ನೈಟ್ರೋಜನ್ ಲೀಕ್ ಆದ್ರೂ ಅಷ್ಟೇ. ಆಮೇಲೆ ಮೇಂಟೆನೆನ್ಸ್ ಸ್ವಿಚ್ ಹಾಕಿ, ಯಾಕಂದ್ರೆ ಈ ಡೇಟಾ ನೇರ ಪೊಲ್ಯೂಷನ್ ಬೋರ್ಡ್ ಸರ್ವರ್‌ಗೆ ಹೋಗ್ತಿರುತ್ತೆ, ನೀವು ಹಾಕೋ ಟೆಸ್ಟ್ ಗ್ಯಾಸ್ ಅಲ್ಲಿ ಚಿಮಣಿ ಹೊಗೆ ಅಂತ ಕೂತ್ಕೊಂಡ್ರೆ ಬೆಳಗ್ಗೆ ಉತ್ತರ ಕೊಡೋರು ನೀವೇ.

ಕಂಟ್ರೋಲ್ ರೂಮಲ್ಲಿ ರೀಡಿಂಗ್ ಸೊನ್ನೆಗಿಂತ ಕೆಳಗೆ ಇಲ್ಲಾ ಸ್ಕೇಲ್ ದಾಟಿ ಹೋಗಿದ್ರೆ ಅನಲೈಸರ್ ಕಳಿಸೋ ಸಿಗ್ನಲ್ ಕರೆಂಟ್ ಅಳೆದು ನೋಡಿ, ಸರಿ ಇದ್ದಾಗ ಅದು 4ರಿಂದ 20 ಮಿಲಿಆಂಪ್. 3.6 ಮಿಲಿಆಂಪ್ ಅಥವಾ ಅದಕ್ಕಿಂತ ಕಮ್ಮಿ, ಇಲ್ಲಾಂದ್ರೆ 21ರ ಮೇಲೆ ಇದ್ರೆ ಸಾಮಾನ್ಯವಾಗಿ ಅನಲೈಸರೇ ನಾನು ಕೆಟ್ಟಿದ್ದೀನಿ ಅಂತ ಹೇಳ್ತಿದೆ. ಪೂರ್ತಿ ಸೊನ್ನೆ ಇದ್ರೆ ಹೆಚ್ಚಾಗಿ ವೈರೋ ಫ್ಯೂಸೋ ಹೋಗಿರುತ್ತೆ, ಮೊದ್ಲೇ ಅನಲೈಸರ್ ಬಿಚ್ಚೋಕೆ ಹೋಗ್ಬೇಡಿ.

ಲೋ ಫ್ಲೋ ಅಲಾರ್ಮ್ ಸುಲಭ. ಗ್ಯಾಸ್ ತಣ್ಣಗೆ ಮಾಡೋ ಕೂಲರ್ ಇನ್‌ಲೆಟ್‌ನಲ್ಲಿ ಟ್ಯೂಬ್ ಬಿಚ್ಚಿ ಬರೀ ಗಾಳಿ ಎಳೆಯೋಕೆ ಬಿಡಿ. ರೋಟಾಮೀಟರ್ (ಫ್ಲೋ ತೋರಿಸೋ ಕೊಳವೆ) ಗುಂಡು ಮೇಲೆ ಬಂದ್ರೆ ಬ್ಲಾಕ್ ಇರೋದು ಹಿಂದೆ, ಅಂದ್ರೆ ಪ್ರೋಬಿಂದ ಗ್ಯಾಸ್ ಬಿಸಿಯಾಗೇ ತರೋ ಹೀಟೆಡ್ ಲೈನ್ ಅಥವಾ ಪ್ರೋಬ್ ಫಿಲ್ಟರ್. ಬರ್ಲಿಲ್ಲ ಅಂದ್ರೆ ಮುಂದೆ, ಫೈನ್ ಫಿಲ್ಟರ್ ಇಲ್ಲಾ ಪಂಪ್ ಡಯಾಫ್ರಾಮ್. ಐದು ನಿಮಿಷದ ಕೆಲ್ಸ, ಸುಮ್ಮನೆ ಚಿಮಣಿ ಹತ್ತೋದು ತಪ್ಪುತ್ತೆ.

ಮಾಯಿಶ್ಚರ್ (ಲೈನಲ್ಲಿ ತೇವ) ಅಲಾರ್ಮ್ ಬಂದ್ರೆ ಮಾತ್ರ ಹುಷಾರು. ಅದು ಬಂದಾಗ ಸ್ಯಾಂಪಲ್ ಪಂಪ್ ತಾನೇ ನಿಲ್ಲುತ್ತೆ, ಅದು ಅನಲೈಸರ್ ಸೆಲ್‌ಗೆ (ಗ್ಯಾಸ್ ಅಳೆಯೋ ಕೋಣೆ) ನೀರು ಹೋಗ್ದೇ ಇರ್ಲಿ ಅಂತ ಮಾಡಿರೋ ಏರ್ಪಾಡು, ಆದ್ರೆ ಡೇಟಾ ಬೇಕು ಅಂತ ಮೇಲಿಂದ ಒತ್ತಡ ಬಂದಾಗ ಸೆನ್ಸರ್ ವೈರ್ ಶಾರ್ಟ್ ಮಾಡಿ ಪಂಪ್ ಓಡಿಸಿದವರನ್ನ ನೋಡಿದ್ದೀನಿ, ಹಾಗೆ ಮಾಡಿದ್ರೆ ಆಸಿಡ್ ನೀರು ಸೆಲ್ ಒಳಗೇ ಹೋಗುತ್ತೆ. ಮೊದ್ಲು ಕೂಲರ್ ಟೆಂಪರೇಚರ್ ನೋಡಿ, ಸಾಮಾನ್ಯವಾಗಿ 3ರಿಂದ 5 ಡಿಗ್ರಿ ಇರ್ಬೇಕು. ಬಳ್ಳಾರಿ, ಕಲಬುರಗಿ ಬೇಸಿಗೆಲಿ ಹೊರಗೆ 40 ದಾಟಿದಾಗ ಶೆಲ್ಟರ್ ಏಸಿ ಕೈಕೊಟ್ರೆ ಪಾಪ ಕೂಲರ್ ಏನ್ ಮಾಡುತ್ತೆ, ಏಸಿ ರಿಪೇರಿ ಮಾಡ್ಸಿ. ಟೆಂಪರೇಚರ್ ಸರಿ ಇದ್ರೆ ನೀರು ಹೊರಗೆ ತಳ್ಳೋ ಪೆರಿಸ್ಟಾಲ್ಟಿಕ್ ಪಂಪ್ ಟ್ಯೂಬ್ ಬಿಚ್ಚಿ ನೋಡಿ, ಚಪ್ಪಟೆ ಆಗಿರುತ್ತೆ ಇಲ್ಲಾ ಸೀಳಿರುತ್ತೆ. ಎಸ್‌ಒಟು (ಸಲ್ಫರ್ ಡೈಆಕ್ಸೈಡ್) ಇದ್ದಕ್ಕಿದ್ದ ಹಾಗೆ ಇಳಿದು ಎನ್‌ಒ (ನೈಟ್ರಿಕ್ ಆಕ್ಸೈಡ್) ಹಾಗೇ ಇದ್ರೆ ಪ್ಲಾಂಟ್ ಕ್ಲೀನ್ ಆಯ್ತು ಅಂತ ಖುಷಿ ಪಡ್ಬೇಡಿ, ಹೀಟೆಡ್ ಲೈನ್ ಎಲ್ಲೋ ತಣ್ಣಗಾಗಿ ನೀರು ನಿಂತಿರ್ಬಹುದು, ಎಸ್‌ಒಟು ನೀರಲ್ಲಿ ಚೆನ್ನಾಗಿ ಕರಗುತ್ತೆ, ಎನ್‌ಒ ಕರಗೋದು ತೀರಾ ಕಮ್ಮಿ.

ಇನ್ನು ಆಕ್ಸಿಜನ್ ಹೈ. ನಂಗೆ ತುಂಬಾ ಇಷ್ಟವಾದ ಅಲಾರ್ಮ್ ಇದು. ಆಕ್ಸಿಜನ್ ಮತ್ತೆ ಸಿಒಟು (ಕಾರ್ಬನ್ ಡೈಆಕ್ಸೈಡ್) ಎರಡರ ಪರ್ಸೆಂಟೂ ಕೂಡಿಸಿ. ಕಲ್ಲಿದ್ದಲಲ್ಲಿ ಆಕ್ಸಿಜನ್ 6 ಇದ್ರೆ ಸಿಒಟು ಸುಮಾರು 13, ಆಕ್ಸಿಜನ್ 10 ಆದ್ರೆ ಸಿಒಟು 9-10, ಅಂದ್ರೆ ಮೊತ್ತ 19-20ರ ಆಸುಪಾಸಲ್ಲೇ ಇರುತ್ತೆ. ಮೊತ್ತ ಸರಿ ಇದ್ರೆ ಅನಲೈಸರ್ ಸುಳ್ಳು ಹೇಳ್ತಿಲ್ಲ, ಎಲ್ಲೋ ನಿಜವಾಗ್ಲೂ ಗಾಳಿ ಸೇರ್ತಿದೆ. ಮೊತ್ತ 15ಕ್ಕೋ 24ಕ್ಕೋ ಹೋಗಿದ್ರೆ ಆಗ ಕ್ಯಾಲಿಬ್ರೇಷನ್ ಕಡೆ ನೋಡಿ. ಗಾಳಿ ಬಾಯ್ಲರ್ ಡಕ್ಟಲ್ಲಿ ಸೇರ್ತಿದ್ಯಾ ನಮ್ಮ ಲೈನಲ್ಲಾ ಅಂತ ತಿಳ್ಕೊಳ್ಳೋಕೆ ಪ್ರೋಬ್‌ನಲ್ಲೇ ನೈಟ್ರೋಜನ್ ಕೊಡಿ, ಪಂಪ್ ಎಳೆಯೋದಕ್ಕಿಂತ ಸ್ವಲ್ಪ ಜಾಸ್ತಿನೇ ಕೊಡಿ, ಇಲ್ಲಾಂದ್ರೆ ಚಿಮಣಿ ಗ್ಯಾಸೂ ಸೇರ್ಕೊಳ್ಳುತ್ತೆ. ಅಲ್ಲಿ ಕೊಟ್ಟಾಗ ಆಕ್ಸಿಜನ್ 2 ಪರ್ಸೆಂಟ್, ಅನಲೈಸರ್‌ಗೆ ನೇರ ಕೊಟ್ಟಾಗ 0 ಬಂದ್ರೆ ಲೀಕ್ ನಮ್ದೇ. ಸೋಪು ನೀರು ಹಚ್ಚಿ ಹುಡುಕ್ಬೇಡಿ, ಪಂಪ್ ಹಿಂದಿನ ಭಾಗ ಒಳಗೆಳೆಯೋ ಲೈನ್, ಗುಳ್ಳೆನೇ ಬರಲ್ಲ. ಪಂಪ್ ಕಡೆಯಿಂದ ಶುರು ಮಾಡಿ ಒಂದೊಂದೇ ಜಾಯಿಂಟ್ ಬಿಚ್ಚಿ ಬಾಯಿ ಮುಚ್ತಾ ಪ್ರೋಬ್ ಕಡೆ ಹೋಗಿ. ಗುಂಡು ಪೂರ್ತಿ ಕೆಳಗೆ ಬಿದ್ರೆ ಅಲ್ಲಿವರೆಗೂ ಟೈಟ್, ಬೀಳ್ಲಿಲ್ಲ ಅಂದ್ರೆ ಈಗಷ್ಟೇ ದಾಟಿ ಬಂದ ತುಂಡಲ್ಲೇ ಲೀಕ್.

ಡ್ರಿಫ್ಟ್ (ರೀಡಿಂಗ್ ನಿಧಾನಕ್ಕೆ ಸರಿಯೋದು) ಅಲಾರ್ಮ್ ಬಂದ್ರೆ ಅನಲೈಸರ್‌ಗೆ ಬೈಯೋಕೆ ಮುಂಚೆ ಟೆಸ್ಟ್ ಗ್ಯಾಸ್ ಸಿಲಿಂಡರ್ ಮೇಲಿನ ಎಕ್ಸ್‌ಪೈರಿ ಡೇಟ್ ನೋಡಿ, ಪ್ರೆಶರ್ 10 ಬಾರ್‌ಗಿಂತ ಕಮ್ಮಿ ಇದ್ರೆ ನಂಬ್ಬೇಡಿ. ಎನ್‌ಒ ಸಿಲಿಂಡರ್‌ಗೆ ರೆಗ್ಯುಲೇಟರ್ ಹಾಕಿದ್ಮೇಲೆ ಮೂರ್ನಾಲ್ಕು ಸಲ ಪರ್ಜ್ ಮಾಡಿ (ಗ್ಯಾಸ್ ಬಿಟ್ಟು ಒಳಗಿರೋ ಗಾಳಿ ಹೊರಗೆ ಹಾಕಿ), ಇಲ್ಲಾಂದ್ರೆ ಆ ಗಾಳಿ ಜೊತೆ ಸೇರಿ ಎನ್‌ಒ ಎನ್‌ಒಟು (ನೈಟ್ರೋಜನ್ ಡೈಆಕ್ಸೈಡ್) ಆಗ್ಬಿಡುತ್ತೆ, ಸ್ಪ್ಯಾನ್, ಅಂದ್ರೆ ಸಿಲಿಂಡರ್ ಮೇಲೆ ಬರೆದಿರೋ ರೀಡಿಂಗ್, ಬರಲ್ಲ.

ಎಲ್ಲಾ ಆದ್ಮೇಲೆ ಮೇಂಟೆನೆನ್ಸ್ ಸ್ವಿಚ್ ವಾಪಸ್ ನಾರ್ಮಲ್‌ಗೆ ಹಾಕಿ. ನಾನು ಒಂದ್ಸಲ ಮರೆತು ಮನೆಗೆ ಹೋಗಿ ಮಲ್ಕೊಂಡಿದ್ದೆ, ಏಳೂವರೆಗೇ ಫೋನ್ ಬಂತು.